ಸಾಲು ಒಡೆಯುವ ಅಧಿಕಾರ: ಯುನಿಕ್ಸ್ ಕೈಪಿಡಿಯ ವಿನ್ಯಾಸ ಸಂಕೇತಗಳು

ಯುನಿಕ್ಸ್ ಕಾರ್ಯವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಿಂದ ಹೊರಬಂದಿತು. ಅದರ ಪುಟಗಳನ್ನು ಅಣಿಗೊಳಿಸಿದ ರೋಫ್ ಸಂಕೇತಭಾಷೆ ಜೋಸೆಫ್ ಒಸಾನಾ ಅವರ ಎನ್‌ರೋಫ್, ಟ್ರೋಫ್‌ಗಳಲ್ಲಿ ಬೆಳೆದು, ಜೇಮ್ಸ್ ಕ್ಲಾರ್ಕ್ ಬರೆದ ಗ್ರೋಫ್‌ನ ರೂಪದಲ್ಲಿ ಇಂದಿಗೂ ಬಳಕೆಯಲ್ಲಿದೆ. ಈ ಭಾಷೆ ಸಾಲನ್ನು ಏನೆಂದು ಬಗೆಯುತ್ತದೆ ಎಂಬ ಪ್ರಶ್ನೆ ತಂತ್ರಜ್ಞರದಷ್ಟೇ ಅಲ್ಲ, ಪಠ್ಯಸಂಪಾದಕರದೂ ಹೌದು.

ಇಲ್ಲಿ ಸಾಲು ಎರಡು ಬಗೆಯದು. ಬರೆಯುವವರು ಮೂಲಕಡತದಲ್ಲಿ ಸಾಲು ಮುರಿದರೆ ಯಂತ್ರ ಅದನ್ನು ಪದಗಳ ನಡುವಿನ ತೆರಪೆಂದು ಮಾತ್ರ ಎಣಿಸಿ, ಪುಟದ ಅಗಲಕ್ಕೆ ತಕ್ಕಂತೆ ಪದಗಳನ್ನು ಮತ್ತೆ ತುಂಬುತ್ತದೆ. ಖಾಲಿ ಸಾಲು ಬಂದರೆ, ಸಾಲು ತೆರಪಿನಿಂದ ಮೊದಲಾದರೆ ಅಥವಾ 'ಬಿಆರ್', 'ಪಿಪಿ'ಯಂಥ ಆದೇಶವಿದ್ದರೆ ಮಾತ್ರ ಒಡಕು ಉಳಿಯುತ್ತದೆ. 'ಎನ್ಎಫ್' ಎಂದರೆ ತುಂಬುವಿಕೆ ನಿಲ್ಲುತ್ತದೆ; 'ಎಫ್ಐ' ಎಂದರೆ ಮರಳುತ್ತದೆ. ಆದರೂ ಅಳಿಸಿಹೋದ ಸಾಲು ಪೂರ್ತಿ ಅರ್ಥಹೀನವಲ್ಲ. ಪೂರ್ಣವಿರಾಮ ಸಾಲಿನ ಕೊನೆಯಲ್ಲಿದ್ದರೆ ಯಂತ್ರ ಅದನ್ನು ವಾಕ್ಯಾಂತ್ಯವೆಂದು ತಿಳಿದು ಹೆಚ್ಚಿನ ತೆರಪು ಕೊಡುತ್ತದೆ. ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಆರಂಭಿಸಬೇಕೆಂದು ಬ್ರಯಾನ್ ಕರ್ನಿಘನ್ 1974ರಷ್ಟು ಹಿಂದೆಯೇ ಸಲಹೆಯಿತ್ತಿದ್ದರು. ಹೀಗೆ ಮೂಲದ ಸಾಲು ಆಲೋಚನೆಯ ಘಟಕ, ಪುಟದ ಸಾಲು ಅಗಲದ ಘಟಕ. ಈ ಬೇರ್ಪಡಿಕೆಯೇ ವ್ಯವಸ್ಥೆಯ ದೊಡ್ಡ ಗುಣ.

ಅದರ ಕೊರತೆ 'ಬಿಆರ್' ಆದೇಶದಲ್ಲಿ ಕಾಣುತ್ತದೆ. 'ಇಲ್ಲಿ ಒಡೆ' ಎನ್ನುವ ಅದು 'ಏಕೆ' ಎಂಬುದನ್ನು ಹೇಳುವುದಿಲ್ಲ. ವಿಳಾಸದ ಸಾಲು, ಆಜ್ಞೆಯ ಸಾಲು, ಪದ್ಯದ ಪಾದ ಮೂರೂ ಅದಕ್ಕೆ ಒಂದೇ. ಮುಂದೆ ಬರ್ಕ್ಲಿಯಲ್ಲಿ ಸಿಂಥಿಯಾ ಲಿವಿಂಗ್‌ಸ್ಟನ್ ರೂಪಿಸಿದ ಎಂಡಾಕ್, ಆಯ್ಕೆ, ಕಡತದ ಹೆಸರು ಮುಂತಾದವುಗಳಿಗೆ ಅರ್ಥಸೂಚಕ ಸಂಕೇತಗಳನ್ನು ಕೊಟ್ಟು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಆದರೆ ಪದ್ಯದ ಪಾದಕ್ಕೆ ಅಲ್ಲಿಯೂ ತನ್ನದೇ ಹೆಸರಿಲ್ಲ.

ಕನ್ನಡದಂಥ ಭಾಷೆಗೆ ಈ ಕೊರತೆಗಳು ಇನ್ನೂ ಹತ್ತಿರದವು. ವಿಭಕ್ತಿ, ಸಂಧಿ, ಸಮಾಸಗಳಿಂದ ಪದ ಉದ್ದವಾದಷ್ಟೂ, ಎರಡೂ ಅಂಚುಗಳನ್ನು ಸಮಗೊಳಿಸುವ ಪುಟದಲ್ಲಿ ತೆರಪುಗಳು ಹಿಗ್ಗುತ್ತವೆ. ಪದವನ್ನು ನಡುವೆ ಮುರಿಯುವುದಾದರೆ ಅಕ್ಷರದ ಗಡಿಯಲ್ಲೇ ಮುರಿಯಬೇಕು. ಆದರೆ 'ಕ್ಷ' ಎಂಬ ಒಂದು ಅಕ್ಷರ ಗಣಕಕ್ಕೆ ಮೂರು ಸಂಕೇತಗಳ ಸರಣಿ.

ಇದಕ್ಕಿಂತ ಆಳದ ಪ್ರಶ್ನೆಯನ್ನು ವಚನಗಳು ಎತ್ತುತ್ತವೆ. ಓಲೆಗರಿಯಲ್ಲಿ ವಚನ ಬಿಡುವಿಲ್ಲದೆ ಹರಿಯುತ್ತದೆ. ಅಲ್ಲಿ ಸಾಲು ಮುಗಿಯುವುದು ಗರಿ ಮುಗಿದಾಗ. ಮುದ್ರಣದಲ್ಲಿ ಕಾಣುವ ಪದ್ಯದಂಥ ಸಾಲುಗಳು ಸಂಪಾದಕರ ತೀರ್ಮಾನ. ಅನುವಾದಕರು ಅದನ್ನೇ ಮೂಲವೆಂದು ನಂಬಿ ಇನ್ನೊಂದು ಭಾಷೆಗೆ ಒಯ್ದರೆ, ಒಂದು ವ್ಯಾಖ್ಯಾನ ಪಠ್ಯವಾಗಿಬಿಡುತ್ತದೆ. ವಚನವನ್ನು ರೋಫ್ ಸಂಕೇತಗಳಲ್ಲಿ ಬರೆಯಹೊರಟವರು ಮಾತ್ರ 'ತುಂಬು' ಅಥವಾ 'ತುಂಬಬೇಡ' ಎಂದು ಬಾಯಿಬಿಟ್ಟು ಹೇಳಲೇಬೇಕು. ಮುದ್ರಿತ ಪುಟ ಮರೆಸುವ ಆಯ್ಕೆಯನ್ನು ಈ ಹಳೆಯ ಭಾಷೆ ಮೂಲಕಡತದಲ್ಲಿ ಬಯಲಾಗಿಡುತ್ತದೆ. ಒಡಕಿನ ಕಾರಣವನ್ನೂ ಅಲ್ಲೇ ದಾಖಲಿಸುವ ಸಂಕೇತವೊಂದಿದ್ದರೆ, ಗರಿ ಒಡೆದ ಸಾಲು ಯಾವುದು, ಸಂಪಾದಕರು ಒಡೆದ ಸಾಲು ಯಾವುದು ಎಂಬುದು ಮುಂದಿನ ಓದುಗರಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು.