ಸೀಗೆಕಾಯಿ ತೊಳೆಯುತ್ತದೆ, ಗುಣಪಡಿಸುವುದಿಲ್ಲ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ತಲೆ ತೊಳೆಯುವುದಕ್ಕೆ ಇರುವ ಮಾತು ‘ತಲಿ ಎರಕೊಳ್ಳೋದು’. ದೀಪಾವಳಿಗೆ ನೀರು ತುಂಬಿದ ಮರುದಿನ ನಸುಕಿನಲ್ಲಿ ಎಣ್ಣೆ ಹಚ್ಚಿ ಎರೆಯುವುದಿರಲಿ, ಬಾಳಂತಿಗೆ ಎರೆಯುವುದಿರಲಿ, ಹೆಣ್ಣುಮಕ್ಕಳ ವಾರದ ತಲೆಸ್ನಾನವಿರಲಿ, ಶಾಂಪೂ ಬರುವ ಮೊದಲು ಬಚ್ಚಲಿಗೆ ಬರುತ್ತಿದ್ದದ್ದು ಸೀಗೆಕಾಯಿ, ಅಂಟವಾಳ, ದಾಸವಾಳದ ಎಲೆ, ಕಡಲೆಹಿಟ್ಟು. ಹಿಂದೆ ಸರಿದಿದ್ದ ಈ ಪದ್ಧತಿ ಈಗ ‘ರಾಸಾಯನಿಕವಿಲ್ಲದ್ದು’ ಎಂಬ ಹೊಗಳಿಕೆಯೊಂದಿಗೆ ಮರಳಿ ಬರುತ್ತಿದೆ. ಹೊಗಳುವವರು ಅದನ್ನು ಸರ್ವರೋಗಕ್ಕೂ ಮದ್ದೆನ್ನುತ್ತಾರೆ. ತಳ್ಳಿಹಾಕುವವರು ಹಳೆಯ ಕಾಲದ ಬಡತನವೆನ್ನುತ್ತಾರೆ. ನೆತ್ತಿಯ ಚರ್ಮಕ್ಕೆ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಆ ಪ್ರಶ್ನೆಯಿಂದ ಹೊರಟರೆ ಸಿಗುವ ಉತ್ತರ ಇಷ್ಟು: ಸೀಗೆಕಾಯಿ ಒಳ್ಳೆಯ ತೊಳೆಯುವ ವಸ್ತು, ಔಷಧವಲ್ಲ. ಅದರ ಒಳ್ಳೆಯತನ ಬಂದಿರುವುದು ಅದು ಗಿಡದ್ದು ಎಂಬುದರಿಂದಲ್ಲ, ತೊಳೆಯುವ ಕೆಲಸವನ್ನು ಅದು ಮಾಡುವ ರೀತಿಯಿಂದ.

‘ನೈಸರ್ಗಿಕ’ ಎಂಬ ಒಂದೇ ಅಳತೆ ನಮ್ಮ ಹಿರಿಯರದ್ದಾಗಿರಲಿಲ್ಲ. ಬಟ್ಟೆಯ ಕೊಳೆಗೆ ಅಗಸರು ಬಳಸುತ್ತಿದ್ದದ್ದು ಚೌಳು ಮಣ್ಣು, ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಅಂಟವಾಳದ ನೀರು, ತಲೆಗೆ ಸೀಗೆ. ಚೌಳು ಮಣ್ಣು ಸೀಗೆಯಷ್ಟೇ ಪ್ರಕೃತಿಯ ಕೊಡುಗೆ, ಆದರೂ ಅದನ್ನು ಯಾರೂ ನೆತ್ತಿಗೆ ಹಚ್ಚಲಿಲ್ಲ. ಅದು ಕ್ಷಾರ. ನೂಲಿನ ಬಟ್ಟೆ ಕ್ಷಾರವನ್ನು ತಾಳಿಕೊಳ್ಳುತ್ತದೆ, ರೇಷ್ಮೆ ತಾಳದು. ರೇಷ್ಮೆಯೂ ಕೂದಲೂ ಪ್ರೋಟೀನಿನಿಂದಾದವು ಎಂದು ಯಾವ ಪುಸ್ತಕವನ್ನೂ ಓದದೆ, ಕೈಯ ಅನುಭವದಿಂದಲೇ ಆ ಜನ ಎರಡನ್ನೂ ಒಂದೇ ಬಗೆಯ ನೊರೆಗೆ ಒಪ್ಪಿಸಿದ್ದರು. ಯಾವ ವಸ್ತು ಯಾವುದಕ್ಕೆ ಒಗ್ಗುತ್ತದೆ ಎಂಬ ಈ ವಿವೇಚನೆಯೇ ಪರಂಪರೆಯ ನಿಜವಾದ ಜಾಣ್ಮೆ. ಅಡುಗೆ ಸೋಡಾವನ್ನೂ ಹಿಂಡಿದ ನಿಂಬೆರಸವನ್ನೂ ಸೀಗೆಯ ಸಾಲಿನಲ್ಲೇ ‘ಮನೆಮದ್ದು’ ಎಂದು ಕೂರಿಸುವ ಇಂದಿನ ಸಲಹೆಗಾರರು ಬಿಟ್ಟುಕೊಟ್ಟಿರುವುದು ಆ ಜಾಣ್ಮೆಯನ್ನೇ.

ವಿಜ್ಞಾನದ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಸೀಗೆಯ ಕಾಯಲ್ಲೂ ಅಂಟವಾಳದ ತೊಗಟೆಯಲ್ಲೂ ಇರುವ ಸಪೋನಿನ್ ಎಂಬ ಅಂಶದ ಒಂದು ತುದಿ ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು. ಶಾಂಪೂವಿನಲ್ಲಿರುವ ನೊರೆಕಾರಕ ಮಾಡುವುದೂ ಇದೇ ಕೆಲಸ. ಅಂದರೆ ‘ರಾಸಾಯನಿಕವಿಲ್ಲದ್ದು’ ಎಂಬ ಮಾತಿಗೆ ಅರ್ಥವಿಲ್ಲ. ಸಪೋನಿನ್ ಕೂಡ ರಾಸಾಯನಿಕವೇ, ಮೀನಿಗೆ ಅದು ವಿಷವೂ ಹೌದು. ನೋಡಬೇಕಾದದ್ದು ಸೌಮ್ಯತೆಯನ್ನು. ನೆತ್ತಿಯ ಚರ್ಮದ ಪಿಎಚ್ ಸುಮಾರು 5.5, ಕೂದಲ ಎಳೆಯದು 3.67 ಎಂದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕಕ್ಕೆ ತೆಗೆದುಕೊಂಡಿತು. ಅದು ಪರೀಕ್ಷಿಸಿದ 123 ಶಾಂಪೂಗಳ ಪಿಎಚ್ 3.5ರಿಂದ 9.0ರವರೆಗೆ ಹರಡಿತ್ತು, 5.5 ಅಥವಾ ಅದಕ್ಕಿಂತ ಕಡಿಮೆ ಇದ್ದವು ನೂರಕ್ಕೆ 38 ಮಾತ್ರ. ಸೀಗೆ, ಅಂಟವಾಳಗಳ ನೀರು ಸಹಜವಾಗಿಯೇ ತುಸು ಆಮ್ಲದ ಕಡೆಗಿರುತ್ತದೆ. ಮೈಸಾಬೂನು 9ರಿಂದ 10ರ ಆಸುಪಾಸಿನ ಕ್ಷಾರ. ಮೇಲಾಗಿ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ಸುಣ್ಣದ ಅಂಶದೊಂದಿಗೆ ಸೇರಿ ಕೂದಲಿಗೆ ಬಿಳಿಯ ಜಿಗುಟಾಗಿ ಅಂಟಿಕೊಳ್ಳುತ್ತದೆ. ಸಪೋನಿನ್‌ನಿಂದ ಅಂಥ ಜಿಗುಟು ಬರುವುದಿಲ್ಲ. ನೊರೆ ಕಡಿಮೆಯೆಂಬುದು ಸೀಗೆಯ ಮೇಲಿನ ಸಾಮಾನ್ಯ ದೂರು. ಆದರೆ ಕೊಳೆ ಹೋಗುವುದಕ್ಕೂ ನೊರೆಯ ರಾಶಿಗೂ ನೇರ ಸಂಬಂಧವಿಲ್ಲ.

ಆದರೆ ವಸ್ತುವಿನಷ್ಟೇ ಮುಖ್ಯ ಅದನ್ನು ಬಳಸುವ ಕ್ರಮ. ಕಾಯನ್ನು ನೆನೆಹಾಕಿ, ಕುದಿಸಿ, ಕಿವುಚಿ, ಸೋಸಿ ತಿಳಿಯನ್ನಷ್ಟೇ ತಲೆಗೆ ಹಾಕುವುದು ಒಂದು; ದಪ್ಪ ಪುಡಿಯನ್ನು ನೀರಲ್ಲಿ ಕಲಸಿ ನೇರವಾಗಿ ಮೆತ್ತಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಪುಡಿಯ ಕಣಗಳು ಕೂದಲ ಬುಡದಲ್ಲಿ ಉಳಿದು, ತುರಿಸಿ, ಒಣಗಿದ ಮೇಲೆ ಹೊಟ್ಟಿನಂತೆಯೇ ಉದುರುತ್ತವೆ. ಕಡಲೆಹಿಟ್ಟೂ ಹಾಗೆಯೇ. ದಾಸವಾಳದ ಎಲೆಯ ಲೋಳೆ, ಮೆಂತ್ಯದ ಲೋಳೆ ಕೂದಲಿಗೆ ಜಾರುವ ಗುಣ ಕೊಟ್ಟು ಸಿಕ್ಕು ಬಿಡಿಸುತ್ತವೆ, ಆದರೆ ತಾವಾಗಿ ಹೆಚ್ಚು ಜಿಡ್ಡು ತೆಗೆಯುವುದಿಲ್ಲ. ನಮ್ಮ ಸೀಮೆಯ ‘ಎರೆಯುವುದು’ ಎಂಬ ಮಾತು ಇಲ್ಲಿ ಬಹಳ ತೂಕದ್ದು. ಅದು ಪುಡಿಯ ಹೆಸರು ಹೇಳುವುದಿಲ್ಲ, ಸುರಿಯುವ ನೀರಿನ ಹೆಸರು ಹೇಳುತ್ತದೆ. ಹಂಡೆಯ ಬಿಸಿನೀರು ಧಾರಾಳವಾಗಿ ಹರಿದು, ಇನ್ನೊಬ್ಬರ ಬೆರಳು ನೆತ್ತಿಯನ್ನೆಲ್ಲ ತಿಕ್ಕಿದಾಗ ಮಾತ್ರ ಸೀಗೆಯ ಕೆಲಸ ಪೂರ್ತಿಯಾಗುತ್ತಿತ್ತು. ನೀರಿನ ಅಭಾವವಿರುವ ಬೇಸಿಗೆಯಲ್ಲಿ ಎರಡು ಚೊಂಬಿನಲ್ಲಿ ಮುಗಿಸಿದ ಸೀಗೆಸ್ನಾನ ನೆತ್ತಿಗೆ ಶಾಂಪೂಗಿಂತ ಹಿತವೆಂದು ಹೇಳಲು ಬರುವುದಿಲ್ಲ.

ಇನ್ನು ಔಷಧದ ಮಾತು. ತಲೆಹೊಟ್ಟಿನಲ್ಲಿ ಮಲಸೇಝಿಯಾ ಎಂಬ ಯೀಸ್ಟಿನ ಪಾಲು ದೊಡ್ಡದು. ಎಲ್ಲರ ನೆತ್ತಿಯಲ್ಲೂ ಇರುವ ಅದು ನಮ್ಮ ಚರ್ಮದ ಜಿಡ್ಡನ್ನು ಒಡೆದು ತಿನ್ನುತ್ತದೆ; ಉಳಿದ ಓಲಿಕ್ ಆಮ್ಲ ಕೆಲವರ ಚರ್ಮವನ್ನು ಕೆರಳಿಸಿ ಪದರ ಏಳಿಸುತ್ತದೆ. ಸೀಗೆ ಜಿಡ್ಡನ್ನು ತೊಳೆಯುವುದರಿಂದ ಸೌಮ್ಯ ಹೊಟ್ಟಿಗೆ ಸ್ವಲ್ಪ ಆರಾಮ ಸಿಗಬಹುದು. ಹೊಟ್ಟು ಮರುಕಳಿಸಿ, ನೆತ್ತಿ ಕೆಂಪಾಗಿ ತುರಿಸತೊಡಗಿದರೆ ಬೇಕಾಗುವುದು ಕೀಟೋಕೊನಾಝೋಲ್‌ನಂಥ ಯೀಸ್ಟ್‌ನಾಶಕ ಇರುವ ಶಾಂಪೂ. ಶಾಲೆಯ ಮಕ್ಕಳ ತಲೆಯಲ್ಲಿ ಬಿಲ್ಲೆಯಾಕಾರದಲ್ಲಿ ಕೂದಲು ಉದುರಿಸುವ ಹುಳುಕಡ್ಡಿಗೆ ಹೊರಗಿನಿಂದ ಹಚ್ಚುವ ಯಾವುದೂ ಸಾಲದು. ಶಿಲೀಂಧ್ರ ಕೂದಲ ಬುಡದೊಳಗೇ ಇರುವುದರಿಂದ ವೈದ್ಯರು ಕೊಡುವ ಮಾತ್ರೆಯನ್ನು ವಾರಗಟ್ಟಲೆ ನುಂಗಬೇಕು. ಹೇನಿಗೆ ಸೀಗೆಯ ನೀರಿಗಿಂತ ಸೀರಣಿಗೆಯೇ ಮೇಲು. ಹೇನು ಸಾಯಲೆಂದು ಸೀತಾಫಲದ ಬೀಜದ ಪುಡಿ ಹಚ್ಚುವುದಂತೂ ಅಪಾಯ. ಅದು ಕಣ್ಣಿಗೆ ಇಳಿದು ಕರಿಗುಡ್ಡೆಯ ಮೇಲ್ಪದರ ಸುಟ್ಟ ಪ್ರಕರಣಗಳನ್ನು ನಮ್ಮ ದೇಶದ ನೇತ್ರವೈದ್ಯರು ದಾಖಲಿಸಿದ್ದಾರೆ. ಗಿಡದ್ದೆಲ್ಲ ನಿರಪಾಯವೆಂಬ ನಂಬಿಕೆ ಮಕ್ಕಳ ಕಣ್ಣಿಗೇ ಕುತ್ತು ತರಬಲ್ಲದು.

‘ನಮ್ಮ ಅಜ್ಜಿಯರ ಜಡೆ ಮಂಡಿ ಮುಟ್ಟುತ್ತಿತ್ತು, ಅದಕ್ಕೆ ಏನು ಹೇಳುತ್ತೀರಿ?’ ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಕೂದಲ ದಟ್ಟಣೆ ಬಹುಮಟ್ಟಿಗೆ ವಂಶದಿಂದ ಬರುವುದು. ಹೆರಿಗೆಯಾದ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಆಗಲೂ ಇತ್ತು, ಈಗಲೂ ಇದೆ. ಬಹುಪಾಲು ತಾನಾಗಿಯೇ ಮರಳಿ ಬೆಳೆಯುತ್ತದೆ. ಥೈರಾಯ್ಡ್ ತೊಂದರೆ, ಕಬ್ಬಿಣಾಂಶದ ಕೊರತೆ ಇದ್ದರೆ ಯಾವ ಕಾಯಿಯೂ ನೆರವಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರಿಗೆ ರಕ್ತಹೀನತೆಯಿದೆ. ಕೂದಲು ಉದುರುತ್ತಿದೆಯೆಂದು ಬಂದವಳಿಗೆ ಪುಡಿಯ ಹೆಸರು ಹೇಳಿ ಕಳಿಸುವ ಮೊದಲು ರಕ್ತಪರೀಕ್ಷೆ ಮಾಡಿಸಿಕೊ ಎನ್ನುವುದೇ ನಿಜವಾದ ಕಾಳಜಿ. ಎಣ್ಣೆಯ ಬಗ್ಗೆಯೂ ಹೀಗೆಯೇ ಬಿಡಿಸಿ ನೋಡಬೇಕು. ಕೊಬ್ಬರಿ ಎಣ್ಣೆ ಕೂದಲ ಪ್ರೋಟೀನ್ ಸೋರಿಹೋಗುವುದನ್ನು ತಗ್ಗಿಸುತ್ತದೆಂದು 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತು. ಅದು ಎಳೆಗೆ ಆಗುವ ಲಾಭ. ಹೊಟ್ಟೆದ್ದ ನೆತ್ತಿಗೆ ಔಡಲೆಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಸುರಿದು ರಾತ್ರಿಯೆಲ್ಲ ಬಿಟ್ಟರೆ, ಜಿಡ್ಡು ತಿಂದು ಬದುಕುವ ಯೀಸ್ಟಿಗೆ ನಾವೇ ಊಟ ಬಡಿಸಿದಂತಾಗಬಹುದು.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ: ಇದೆಲ್ಲ ಮಾಡಲು ಹೊತ್ತು ಯಾರಿಗಿದೆ? ಕಾಯಿ ಒಣಗಿಸಿ, ಕುಟ್ಟಿ, ಹಂಡೆಗೆ ಉರಿ ಹಾಕುವ ದುಡಿಮೆ ಹೆಣ್ಣುಮಕ್ಕಳ ಮೇಲೆಯೇ ಬಿದ್ದಿತ್ತು. 1983ರಲ್ಲಿ ತಮಿಳುನಾಡಿನ ಕಡಲೂರಿನಿಂದ ಹೊರಟ ಚಿಕ್ ಶಾಂಪೂವಿನ ಚಿಕ್ಕ ಪೊಟ್ಟಣ ಹಳ್ಳಿಯ ಅಂಗಡಿಗಳಿಗೆ ಅಷ್ಟು ಬೇಗ ಹಬ್ಬಿದ್ದರ ಹಿಂದೆ ಜಾಹೀರಾತಿನ ಮೋಡಿಯಷ್ಟೇ ಇರಲಿಲ್ಲ. ಉಳಿದ ಹೊತ್ತೂ ಇತ್ತು. ಹೊಲಕ್ಕೂ ಶಾಲೆಗೂ ಕಚೇರಿಗೂ ಓಡುವವಳು ಸೌಮ್ಯ ಶಾಂಪೂವನ್ನು ನೀರಿಗೆ ಬೆರೆಸಿ ನೆತ್ತಿಗಷ್ಟೇ ಹಚ್ಚಿ ತೊಳೆದುಕೊಂಡರೆ ಅವಳ ಚರ್ಮಕ್ಕೆ ಅನ್ಯಾಯವೇನೂ ಆಗದು. ಅನ್ಯಾಯವಾಗುವುದು ಬಾಟಲಿಯ ಮೇಲೆ ಸೀಗೆಯ ಚಿತ್ರ ಹಾಕಿ ಒಳಗೆ ಬೇರೆಯದನ್ನು ತುಂಬಿದಾಗ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ನೂರಕ್ಕೆ ಒಂದಕ್ಕಿಂತ ಹೆಚ್ಚಿರುವ ಅಂಶಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ನೀರಿನ ಬೆನ್ನಿಗೇ ಸೋಡಿಯಂ ಲಾರೆತ್ ಸಲ್ಫೇಟ್ ಇದ್ದು, ಸೀಗೆಯ ಸಾರ ಪಟ್ಟಿಯ ಬಾಲದಲ್ಲಿದ್ದರೆ ಅದು ಸೀಗೆಯ ಹೆಸರಿನ ಶಾಂಪೂ ಅಷ್ಟೆ. ಅದನ್ನು ಶಾಂಪೂವೆಂದೇ ತಿಳಿದು ಕೊಳ್ಳುವುದರಲ್ಲಿ ತಪ್ಪಿಲ್ಲ, ಸೀಗೆಯ ಬೆಲೆ ಕೊಡುವುದರಲ್ಲಿದೆ.

ಈ ಪದ್ಧತಿ ಉಳಿಯಬೇಕೆಂಬುದು ನನ್ನ ಆಸೆಯೂ ಹೌದು. ಉಳಿಯಬೇಕಾದದ್ದು ಪವಾಡವಾಗಿ ಅಲ್ಲ, ಜ್ಞಾನವಾಗಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಯಾವ ಊರಲ್ಲಿ ಎಷ್ಟು ಅಂಟವಾಳಕ್ಕೆ ಎಷ್ಟು ಸೀಗೆ ಬೆರೆಸುತ್ತಿದ್ದರು, ಎಷ್ಟು ಹೊತ್ತು ನೆನೆಸುತ್ತಿದ್ದರು, ಏನನ್ನು ತಲೆಗೆ ತಾಕಿಸಬಾರದೆನ್ನುತ್ತಿದ್ದರು ಎಂಬುದನ್ನು ಎರೆಯುವ ಕೈಗಳಿಂದಲೇ ಕೇಳಿ ಬರೆದಿಡುವ ಕೆಲಸ ಹಾಡು–ಕಥೆಗಳ ಸಂಗ್ರಹದಷ್ಟೇ ಬೆಲೆಯುಳ್ಳದ್ದು. ಮನೆಯಲ್ಲಿ ಮಾಡಬೇಕಾದದ್ದು ಅದಕ್ಕಿಂತ ಸರಳ. ಎರೆದುಕೊಂಡ ಮರುದಿನ ಕೂದಲ ಹೊಳಪನ್ನು ಕನ್ನಡಿಯಲ್ಲಿ ನೋಡುವ ಬದಲು, ಬೈತಲೆ ತೆಗೆದು ನೆತ್ತಿಯನ್ನು ನೋಡಬೇಕು. ಅದು ತಣ್ಣಗೆ, ತುರಿಕೆಯಿಲ್ಲದೆ, ಪದರವೇಳದೆ ಇದ್ದರೆ ಸೀಗೆಯಾಗಲಿ ಶಾಂಪೂವಾಗಲಿ ತನ್ನ ಕೆಲಸ ಮಾಡಿದೆ. ಇಲ್ಲದಿದ್ದರೆ ಎರಡನ್ನೂ ಬದಿಗಿಟ್ಟು ಚರ್ಮವೈದ್ಯರ ಹತ್ತಿರ ಹೋಗಬೇಕು.