ಅಕ್ಷರವಿಲ್ಲದ ಕಲ್ಲಿಗೆ ನಂಬರ್ ಇಲ್ಲ

ಗುಡ್ಡದ ಮೇಲೆ ದುಂಡಗೆ ನೆಟ್ಟ ಕಲ್ಲುಗಳ ಚಿತ್ರ ಕಂಡ ಕೂಡಲೇ ಅದನ್ನು ಇಂಗ್ಲೆಂಡಿನ ಕ್ರಾಪ್ ಸರ್ಕಲ್‌ಗೆ ಹೋಲಿಸಿ, ‘ಅನ್ಯಗ್ರಹದವರು ಬಂದಿದ್ದರಾ?’ ಅಂತ ಕೇಳುವ ವಿಡಿಯೊಗಳನ್ನು ನಾವೆಲ್ಲ ನೋಡಿದ್ದೇವೆ. ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ಹೋಲಿಕೆಯಿಂದ ಕಲ್ಲಿಗೇ ಕೇಡು ಇದೆ. ಆ ಕೇಡಿನಲ್ಲಿ ಶಾಸನಾಸಕ್ತರಾದ ನಮ್ಮ ಪಾಲೂ ಇದೆ.

ಮೊದಲು ಕ್ರಾಪ್ ಸರ್ಕಲ್ ವಿಷಯ ಮುಗಿಸೋಣ. 1991ರಲ್ಲಿ ಡಗ್ ಬೋವರ್ ಮತ್ತು ಡೇವ್ ಚಾರ್ಲಿ ಎಂಬ ಇಬ್ಬರು, ಹಲಗೆ ಮತ್ತು ಹಗ್ಗ ಹಿಡಿದು ಪೈರು ತುಳಿದು ಇವನ್ನು ಮಾಡುತ್ತಿದ್ದವರು ತಾವೇ ಎಂದು ಒಪ್ಪಿಕೊಂಡರು. ಗುಟ್ಟು ಬಯಲಾದರೂ ಆಟ ನಿಲ್ಲಲಿಲ್ಲ. 1996ರಲ್ಲಿ ಸ್ಟೋನ್‌ಹೆಂಜ್ ಎದುರಿನ ಹೊಲದಲ್ಲೇ ದೊಡ್ಡದೊಂದು ಸುರುಳಿ ಕಾಣಿಸಿಕೊಂಡಿತು, ನೋಡಲು ಜನ ಮುಗಿಬಿದ್ದರು. ತಮಾಷೆ ಏನು ಗೊತ್ತಾ? ಅದೇ ಸೀಮೆಯ ಪೈರು ನಿಜವಾದ ಇತಿಹಾಸವನ್ನೂ ಹೇಳುತ್ತದೆ. ನೆಲದಡಿ ಹಳೆಯ ಕಂದಕವಿದ್ದರೆ ಅಲ್ಲಿ ತೇವ ಹೆಚ್ಚು, ಪೈರು ಎತ್ತರ, ಹಸಿರು. ಗೋಡೆಯಿದ್ದರೆ ಪೈರು ಗಿಡ್ಡ, ಬೇಗ ಹಳದಿ. ಸ್ಟೋನ್‌ಹೆಂಜ್ ಹತ್ತಿರದ ವುಡ್‌ಹೆಂಜ್ ನೆಲೆಯನ್ನು 1925ರಲ್ಲಿ ಇನ್‌ಸಾಲ್ ಎಂಬ ವೈಮಾನಿಕ ಗುರುತಿಸಿದ್ದು ವಿಮಾನದಿಂದಲೇ. ಒಂದೇ ಹೊಲ, ಒಬ್ಬ ತುಳಿದ, ಇನ್ನೊಬ್ಬ ಓದಿದ.

ನಮ್ಮ ಮೂಡಿಗೆರೆ, ಕಳಸದ ಕಡೆ ಈ ಸೌಲಭ್ಯವಿಲ್ಲ. ಸಿಲ್ವರ್ ಓಕ್, ಅತ್ತಿ, ಹಲಸಿನ ನೆರಳಿನ ಕೆಳಗೆ ಕಾಫಿ. ಮೇಲಿಂದ ಡ್ರೋನ್ ಹಾರಿಸಿದರೆ ಕಾಣೋದು ಬರೀ ಎಲೆ. ತೋಟದೊಳಗೆ ಏನಿದೆ ಅಂತ ಗೊತ್ತಿರೋದು ರೈಟರಿಗೆ, ಮೇಸ್ತ್ರಿಗೆ, ಚಿಗುರು ತೆಗೆಯುವ ಹೆಂಗಸರಿಗೆ. ಪಾಂಡವರ ಮನೆ, ಮೋರಿಯರ ಮನೆ ಅಂತ ಮಲೆನಾಡಿನ ಜನ ಕರೆಯೋದು ಬಹುಪಾಲು ಬೃಹತ್ ಶಿಲಾಯುಗದ ಸಮಾಧಿಗಳನ್ನು.

ಇಲ್ಲೇ ನಮ್ಮ ತಕರಾರು ಶುರುವಾಗುತ್ತದೆ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 6ನೇ ಸಂಪುಟ, ಅಂದಿನ ಕಡೂರು ಜಿಲ್ಲೆಯದು, 1901ರಲ್ಲಿ ಬಂತು. ಅಂಗಡಿಯ ಜೈನ ಶಾಸನಗಳಿಗೂ ಕಳಸದ ಶಾಸನಗಳಿಗೂ ಅಲ್ಲಿ ನಂಬರ್ ಸಿಕ್ಕಿತು. ಕಳಸವನ್ನು ಆಳಿದ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರ ಹೆಸರು ನಮಗೆ ಗೊತ್ತಿರುವುದು ಶಾಸನಗಳಿಂದ. ನಂಬರ್ ಇರುವ ಕಲ್ಲು ಕಾಣೆಯಾದರೆ ‘ಎಲ್ಲಿ ಹೋಯ್ತು?’ ಅಂತ ಕೇಳಬಹುದು. ಅಕ್ಷರವಿಲ್ಲದ ಕಲ್ಲಿಗೆ ಅಂಥ ಪಟ್ಟಿಯೇ ಇಲ್ಲ. ಶಾಸನ ಹುಡುಕಿ ಹೋದ ನಾವೂ ‘ಬರಹ ಇಲ್ಲ, ಬಿಡಿ’ ಅಂತ ಅದನ್ನು ದಾಟಿ ಮುಂದೆ ಹೋಗುತ್ತೇವೆ.

ಇದರ ಬೆಲೆ ಎಷ್ಟು ಅಂತ ನೋಡಲು ಕಳಸದಿಂದ ಕುದುರೆಮುಖದ ದಾರಿಯಲ್ಲಿ ಘಟ್ಟ ಇಳಿದು, ಕಾರ್ಕಳ ದಾಟಿ ಮೂಡುಬಿದಿರೆ ಬಳಿಯ ಮೂಡುಕೊಣಾಜೆಗೆ ಹೋಗಬೇಕು. ಪುಂಡಿಕಾಯಿ ಗಣಪಯ್ಯ ಭಟ್ಟರು 1980ರ ದಶಕದಲ್ಲಿ ಅಲ್ಲಿನ ಕಲ್ಲುಗುಡ್ಡದ ಇಳಿಜಾರಿನಲ್ಲಿ 9 ಕಲ್ಗೋರಿಗಳನ್ನು ವರದಿ ಮಾಡಿದ್ದರು. 2023ರಲ್ಲಿ ಪ್ರೊ. ಟಿ. ಮುರುಗೇಶಿ ಅಲ್ಲಿ ಸುಟ್ಟ ಮಣ್ಣಿನ ಗೊಂಬೆಗಳನ್ನು ಗುರುತಿಸುವ ಹೊತ್ತಿಗೆ ನೆಟ್ಟಗೆ ಉಳಿದಿದ್ದದ್ದು ಎರಡೇ. ಗೊಂಬೆಗಳಲ್ಲಿ ಗೂಳಿ, ನವಿಲು, ಮಾತೃದೇವತೆ ಇವೆ, ಕ್ರಿ.ಪೂ. 800–700ರ ಕಾಲದವು ಎಂಬುದು ಅವರ ಅಭಿಪ್ರಾಯ. ಹಾಳಾದ ಗೋರಿಗಳಲ್ಲಿ ಇನ್ನೇನಿತ್ತೋ!

ಕಲ್ಲನ್ನು ಎತ್ತಿ ದೇವಸ್ಥಾನದ ಅಂಗಳದಲ್ಲಿಟ್ಟರೆ ಉಳಿಯಿತು ಎಂಬುದು ನಮ್ಮ ಇನ್ನೊಂದು ಅಭ್ಯಾಸ. ಶಾಸನಕ್ಕೆ ಅದು ಒಂದು ಮಟ್ಟಿಗೆ ಸರಿ. ಜಾಗ ಬಿಟ್ಟರೂ ಪಾಠ ಉಳಿಯುತ್ತದೆ. ನಿಲುಸುಗಲ್ಲಿಗೆ ಹಾಗಲ್ಲ. ಹೊಸನಗರ ತಾಲ್ಲೂಕಿನ ನಿಲಸ್ಕಲ್ ಮತ್ತು ಬೈಸೆಯಲ್ಲಿ ಶ್ರೀಕುಮಾರ್ ಮೆನನ್ ಅವರು ಕಲ್ಲುಗಳ ಜೋಡಣೆಯನ್ನು ಅಳೆದು, ಕೆಲವು ಜೋಡಿಗಳು ಅಯನ ಸಂಕ್ರಾಂತಿಯ ಸೂರ್ಯೋದಯ, ಸೂರ್ಯಾಸ್ತದ ದಿಕ್ಕಿಗೆ ಹೊಂದುತ್ತವೆ ಎಂದು ತೋರಿಸಿದ್ದಾರೆ. ಅಲ್ಲಿ ಕಲ್ಲಿನ ಜಾಗವೇ ಅದರ ಬರಹ. ಹತ್ತಡಿ ಆಚೆ ನೆಟ್ಟರೆ ಸಾಲೇ ಅಳಿಸಿಹೋಯಿತು.

ಹಾಗಾಗಿ ‘ನಿಗೂಢ’ ಎಂಬ ಮಾತು ನಿರಪಾಯದ್ದಲ್ಲ. ನಿಗೂಢ ಅಂದ ಕೂಡಲೇ ಒಬ್ಬನಿಗೆ ನಿಧಿ ನೆನಪಾಗುತ್ತದೆ. ರಾತ್ರಿ ಹಾರೆ ಹಿಡಿದು ಬರುತ್ತಾನೆ. ಗೋರಿಯಲ್ಲಿ ಸಿಗೋದು ಮಡಕೆ ಚೂರು, ಮೂಳೆ, ತುಕ್ಕು ಹಿಡಿದ ಕಬ್ಬಿಣ. ಅವನಿಗೆ ಅದು ಕಸ, ಇತಿಹಾಸಕ್ಕೆ ಅದೇ ಎಲ್ಲಾ. ತೋಟದ ಮಾಲೀಕರಿಗೆ ಇದು ಗೊತ್ತಿಲ್ಲದಿದ್ದರೆ ಜೆಸಿಬಿಗೂ ಗೊತ್ತಾಗೋದಿಲ್ಲ. ತೊಟ್ಟಿಲು ಗುಂಡಿ ತೆಗೆಯುವಾಗ ಚಪ್ಪಡಿ ಎದ್ದು ಮೋರಿಗೆ ಸೇತುವೆಯಾಗುತ್ತದೆ.

ಕಾನೂನು ಇದೆ: 1961ರ ರಾಜ್ಯ ಪ್ರಾಚೀನ ಸ್ಮಾರಕಗಳ ಕಾಯ್ದೆ, 1962ರ ನಿಧಿ ಕಾಯ್ದೆ. ಆದರೆ ಸ್ಮಾರಕದ ರಕ್ಷಣೆ ಸಿಗೋದು ಸಂರಕ್ಷಿತ ಎಂದು ಘೋಷಣೆಯಾದ ಮೇಲೆ. ಘೋಷಣೆಗೆ ದಾಖಲೆ ಬೇಕು. ದಾಖಲೆ ಮಾಡಬೇಕಾದವರು ಅಕ್ಷರ ಹುಡುಕಿಕೊಂಡು ಆ ಗುಡ್ಡ ಹತ್ತಿದವರೇ, ಅಂದರೆ ನಾವು.

ಮುಂದಿನ ಸಲ ವೀರಗಲ್ಲು ನೋಡಲು ತೋಟಕ್ಕೆ ಹೋದಾಗ ಪಕ್ಕದ ಬೋಳು ಕಲ್ಲುಗಳನ್ನೂ ಎಣಿಸಿ. ದಿಕ್ಕು, ಅಂತರ, ಎತ್ತರ ಬರೆದುಕೊಳ್ಳಿ, ಊರವರು ಕರೆಯುವ ಹೆಸರು ಕೇಳಿ. ಆ ಟಿಪ್ಪಣಿಯನ್ನು ಪುರಾತತ್ತ್ವ ಇಲಾಖೆಗೆ ಕೊಡಿ, ಪ್ಲಾಂಟರ್‌ಗೂ ಒಂದು ಪ್ರತಿ ಕೊಡಿ. ನಿಖರ ಜಾಗವನ್ನು ಮಾತ್ರ ಜಾಲತಾಣದಲ್ಲಿ ಹಾಕಬೇಡಿ; ಹಾರೆ ಹಿಡಿದವನೂ ಅದನ್ನು ಓದುತ್ತಾನೆ.