ಐದು ಡಾಲರಿನ ಬಾಗಿಲು

1980ರ ಕೊನೆಯ ತಿಂಗಳುಗಳಲ್ಲಿ ವಾಷಿಂಗ್ಟನ್ ಡಿ.ಸಿ.ಯ ಕೆಲವು ಹುಡುಗರು ರೆಕಾರ್ಡಿನ ಕವರು ಅಂಟಿಸುತ್ತ ಕೂತಿದ್ದರು. ಕವರು ಮಾಡುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಇಂಗ್ಲೆಂಡಿನಿಂದ ಬಂದಿದ್ದ ಏಳಿಂಚಿನ ರೆಕಾರ್ಡೊಂದರ ಕವರನ್ನು ಬಿಚ್ಚಿ, ನೆಲದ ಮೇಲೆ ಹರಡಿ, ಅದರ ಅಳತೆ ಹಿಡಿದರು. ಅದೇ ಅಳತೆಗೆ ಮುದ್ರಿಸಿದ ಹಾಳೆಗಳನ್ನು ಒಂದೊಂದಾಗಿ ಕತ್ತರಿಸಿ, ಮಡಿಚಿ, ಅಂಟು ಹಚ್ಚಿದರು. ಒಟ್ಟು 1000 ಪ್ರತಿ. ಹಾಡಿದ್ದ ಟೀನ್ ಐಡಲ್ಸ್ ಎಂಬ ಪಂಕ್ ತಂಡ ಅಷ್ಟು ಹೊತ್ತಿಗೆ ಒಡೆದೇ ಹೋಗಿತ್ತು. ಕಾರ್ಯಕ್ರಮಗಳಿಂದ ಕೂಡಿದ್ದ ಸುಮಾರು 600 ಡಾಲರನ್ನು ಹಂಚಿಕೊಂಡು ಮನೆಗೆ ಹೋಗಬಹುದಿತ್ತು. ಹಂಚಿಕೊಳ್ಳದೆ ರೆಕಾರ್ಡಿಗೆ ಸುರಿದರು. ಡಿಸ್ಕಾರ್ಡ್ ರೆಕಾರ್ಡ್ಸ್ ಕಂಪನಿ ಹುಟ್ಟಿದ್ದು ಹೀಗೆ.

ಪಂಕ್ ಎಲ್ಲಿಂದ ಕೇಳಲು ಶುರುಮಾಡಲಿ ಎಂದವರಿಗೆ ನಾನು ಲಂಡನ್ನಿನ ದಾರಿ ತೋರಿಸುವುದಿಲ್ಲ. ಆ ಅಂಟಿನ ವಾಸನೆಯ ಕಡೆಗೇ ಕಳಿಸುತ್ತೇನೆ. ಈ ಪರಂಪರೆಯ ದೊಡ್ಡ ಸಾಧನೆ ಹಾಡನ್ನು ಯಾರ ಕೈಗೆ, ಎಷ್ಟು ಬೆಲೆಗೆ, ಯಾವ ಬಾಗಿಲಿನಿಂದ ತಲುಪಿಸಬೇಕು ಎಂದು ಯೋಚಿಸಿದ್ದರಲ್ಲಿದೆ ಎಂದು ನಂಬಿದ್ದೇನೆ. ಅದು ಎಡವಿದ್ದೂ ಆ ಬಾಗಿಲಲ್ಲೇ.

ಮೊದಲು ಕೇಳಬೇಕಾದದ್ದು ಅದೇ ಊರಿನ ಬ್ಯಾಡ್ ಬ್ರೇನ್ಸ್. ಜಾಝ್ ಫ್ಯೂಷನ್ ನುಡಿಸುತ್ತಿದ್ದ ನಾಲ್ವರು ಕಪ್ಪು ಯುವಕರು ಪಂಕ್‌ಗೆ ಬಂದಾಗ ಅದರ ವೇಗವೇ ಬದಲಾಯಿತು. 1982ರ ಅವರ ಕ್ಯಾಸೆಟ್ಟಿನ ಹಳದಿ ಕವರಿನಲ್ಲಿ ಅಮೆರಿಕದ ಸಂಸತ್ ಭವನಕ್ಕೆ ಸಿಡಿಲು ಬಡಿಯುತ್ತದೆ. ಒಳಗಿನ ಸಂಗೀತವೂ ಹಾಗೆಯೇ. ಇಷ್ಟು ವೇಗದಲ್ಲೂ ಒಂದು ಪೆಟ್ಟು ಜಾರುವುದಿಲ್ಲ, ನಡುನಡುವೆ ಬರುವ ರೆಗೆ ಉಸಿರಾಡಲು ಜಾಗ ಕೊಡುತ್ತದೆ. ಊರಿನ ಬಿಳಿ ಹುಡುಗರು ವೇಗ ಕಲಿತದ್ದು ಇವರನ್ನು ನೋಡಿ.

ಅವರಲ್ಲಿ ಇಯಾನ್ ಮೆಕೈ ಹಾಡುತ್ತಿದ್ದ ಮೈನರ್ ಥ್ರೆಟ್ ಮುಂದಿನ ಹೆಸರು. 1981ರಲ್ಲಿ ಬಂದ ಅವರ ‘ಸ್ಟ್ರೇಟ್ ಎಡ್ಜ್’ ಒಂದು ನಿಮಿಷವೂ ಇಲ್ಲದ ಹಾಡು. ಕುಡಿತ, ಡ್ರಗ್ಸ್ ನನಗೆ ಬೇಡ ಎನ್ನುವ ಹುಡುಗನ ಮಾತು. ಅದರ ಹಿಂದೆ ಬಾಗಿಲಿನದೇ ಕಥೆಯಿದೆ. ಮದ್ಯ ಮಾರುವ ಕ್ಲಬ್ಬುಗಳು ಚಿಕ್ಕ ವಯಸ್ಸಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಟೀನ್ ಐಡಲ್ಸ್ ಹುಡುಗರ ಕೈಮೇಲೆ ಅಲ್ಲಿನ ಕ್ಲಬ್ಬಿನವರು ಕಪ್ಪು ಶಾಯಿಯಲ್ಲಿ ದೊಡ್ಡ ಎಕ್ಸ್ ಗುರುತು ಹಾಕಿ, ಇವರಿಗೆ ಮದ್ಯ ಕೊಡಬೇಡಿ ಎಂದು ಒಳಗೆ ಬಿಟ್ಟರು. ಹುಡುಗರು ಆ ಉಪಾಯವನ್ನು ತಮ್ಮೂರಿಗೆ ತಂದರು. ಹಾಡು ಕೇಳುವ ಹಕ್ಕಿಗಾಗಿ ಒಪ್ಪಿಕೊಂಡ ಗುರುತು ಅದು. ಮುಂದೆ ಬೇರೆ ಊರುಗಳಲ್ಲಿ ಅದೇ ಗುರುತು ಮಡಿವಂತಿಕೆಯಾಯಿತು. ಕುಡಿಯುವವರನ್ನು ಹೊಡೆಯುವ ಗುಂಪುಗಳೂ ಹುಟ್ಟಿಕೊಂಡವು. ಚಳವಳಿ ಕಟ್ಟುವ ಉದ್ದೇಶ ತನಗಿರಲಿಲ್ಲ ಎಂದು ಮೆಕೈ ಮತ್ತೆ ಮತ್ತೆ ಹೇಳಿದ್ದಾರೆ. ಆ ಮಾತನ್ನು ನಂಬುತ್ತೇನೆ. ಆದರೂ ಅಷ್ಟು ಬಿಗಿಯಾಗಿ ಕಟ್ಟಿದ ಹಾಡು ಘೋಷಣೆಯಾಗದೆ ಉಳಿಯುವುದು ಕಷ್ಟವಿತ್ತು.

ಅದೇ ತಂಡದ ‘ಗಿಲ್ಟಿ ಆಫ್ ಬೀಯಿಂಗ್ ವೈಟ್’ ಹಾಡನ್ನು ದಾಟಿ ಹೋಗಬೇಡಿ ಎನ್ನುತ್ತೇನೆ. ಆಗ ನಗರದ 10 ಜನರಲ್ಲಿ 7 ಮಂದಿ ಕಪ್ಪುಜನ. ಅಲ್ಲಿನ ಶಾಲೆಯಲ್ಲಿ ಓದಿದ ಬಿಳಿ ಹುಡುಗನ ಸಿಟ್ಟು ಆ ಹಾಡಿನಲ್ಲಿದೆ. ಜನಾಂಗದ್ವೇಷದ ವಿರುದ್ಧ ಬರೆದದ್ದು ಎಂದು ಮೆಕೈ ಹೇಳುತ್ತಾರೆ. ಆದರೆ ಹಾಡು ತನ್ನ ಬೀದಿಯಾಚೆಗೆ ನೋಡುವುದಿಲ್ಲ, ದ್ವೇಷಿಗಳು ಅದನ್ನು ಸುಲಭವಾಗಿ ಎತ್ತಿಕೊಂಡರು. ಬ್ಯಾಡ್ ಬ್ರೇನ್ಸ್‌ನಿಂದ ಅಷ್ಟೆಲ್ಲ ಪಡೆದವರಿಂದ ಇದು ಬಂತೆನ್ನುವುದು ನನಗೆ ಇವತ್ತಿಗೂ ನೋವಿನ ವಿಷಯ.

ಹೆಂಗಸರ ವಿಷಯದಲ್ಲಿ ಈ ಪರಂಪರೆಯ ಕಣ್ಣು ಇನ್ನೂ ಮಂಜು. ‘ಔಟ್ ಆಫ್ ಸ್ಟೆಪ್’ ಕವರಿನಲ್ಲಿ ಬಿಳಿ ಹಿಂಡನ್ನು ಬಿಟ್ಟು ನೆಗೆಯುವ ಕಪ್ಪು ಕುರಿಯ ಚಿತ್ರ ಎಲ್ಲರಿಗೂ ಗೊತ್ತು. ಅದನ್ನು ಬರೆದದ್ದು ಸಿಂಥಿಯಾ ಕಾನಲಿ ಎಂಬುದು ಎಷ್ಟು ಜನರಿಗೆ ಗೊತ್ತು? ಹುಡುಗಿಯರೇ ಇದ್ದ ಚಾಕ್ ಸರ್ಕಲ್ ತಂಡ 1981ರಿಂದ 83ರವರೆಗೆ ಅದೇ ಊರಿನಲ್ಲಿ ನುಡಿಸಿತು. ಡಿಸ್ಕಾರ್ಡ್ ಅವರದೊಂದು ರೆಕಾರ್ಡನ್ನೂ ಹೊರತರಲಿಲ್ಲ. ಅವರ ಹಾಡುಗಳು ಒಂದೆಡೆ ಸೇರಿ ಬಂದದ್ದು 2011ರಲ್ಲಿ. ಕೇಳಿ ನೋಡಿ. ಒಡೆದೊಡೆದು ಸಾಗುವ ಆ ಗಿಟಾರಿನಲ್ಲಿ ಹುಡುಗರ ವೇಗದ ಹಟವಿಲ್ಲ, ಬೇರೊಂದು ದಾರಿ ತೆರೆಯುತ್ತಿತ್ತು.

ಆದರೂ ಈ ಪರಂಪರೆಯನ್ನು ನಾನು ಬಿಟ್ಟುಕೊಡಲಾರೆ. ಅದು ತನ್ನನ್ನೇ ತಿದ್ದಿಕೊಂಡಿತು. ವೇದಿಕೆಯ ಮುಂದೆ ಹೊಡೆದಾಟ ಹೆಚ್ಚಿ ಹಳಬರೇ ದೂರ ಸರಿದಿದ್ದಾಗ, 1985ರ ಬೇಸಿಗೆಯಲ್ಲಿ ಹೊಸ ತಂಡಗಳು ಎದ್ದವು. ದಕ್ಷಿಣ ಆಫ್ರಿಕಾದ ರಾಯಭಾರ ಕಚೇರಿಯೆದುರು ವರ್ಣಭೇದದ ವಿರುದ್ಧ ಡ್ರಮ್ಮು ಬಡಿದು ಪ್ರತಿಭಟಿಸಿದರು. ಆ ವರ್ಷದ ರೈಟ್ಸ್ ಆಫ್ ಸ್ಪ್ರಿಂಗ್ ಆಲ್ಬಮ್ ತಪ್ಪದೆ ಕೇಳಬೇಕು. ಗೀ ಪಿಚಿಯೊಟ್ಟೋ ಅಲ್ಲಿ ಗಂಟಲು ಹರಿದುಹೋಗುವಂತೆ ಹಾಡುತ್ತಾರೆ, ಆದರೆ ಯಾರನ್ನೂ ಬೈಯುವುದಿಲ್ಲ. ಗಂಡಸು ಅಳಬಹುದು ಎಂಬುದು ಆ ಹಾಲ್‌ಗಳಿಗೆ ಹೊಸದು.

ಮೆಕೈ ಮತ್ತು ಪಿಚಿಯೊಟ್ಟೋ ಒಂದಾದ ಫುಗಾಜಿಯಲ್ಲಿ ಎಲ್ಲವೂ ಕೂಡಿ ಬರುತ್ತದೆ. ‘ವೇಟಿಂಗ್ ರೂಮ್’ನ ಬೇಸ್ ಗಿಟಾರ್ ಓಡುತ್ತ ಓಡುತ್ತ ತಟ್ಟನೆ ನಿಲ್ಲುತ್ತದೆ; ಆ ಮೌನದಲ್ಲಿ ಮೈಯೆಲ್ಲ ಕಿವಿಯಾಗುತ್ತದೆ. ‘ಸಜೆಶನ್’ನಲ್ಲಿ ಮೆಕೈ ಬೀದಿಯಲ್ಲಿ ಕಿರುಕುಳ ಅನುಭವಿಸುವ ಹೆಣ್ಣಿನ ದನಿಯಲ್ಲಿ ಹಾಡುತ್ತಾರೆ. ಹಾಡುವವನು ಗಂಡಸು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಎದುರಿಗೆ ನಿಂತ ಗಂಡಸರಿಗೆ ಅದನ್ನು ಕೇಳಿಸಲೇಬೇಕಿತ್ತು.

ಬಹುಮಟ್ಟಿಗೆ 5 ಡಾಲರ್ ಟಿಕೆಟ್, ಎಲ್ಲ ವಯಸ್ಸಿನವರಿಗೂ ಪ್ರವೇಶ, ಟೀ ಶರ್ಟು ಮಾರಾಟವಿಲ್ಲ. ಫುಗಾಜಿಯ ಬಾಗಿಲು ಹಾಗಿತ್ತು. ಈ ತಂಡದ 800ಕ್ಕೂ ಹೆಚ್ಚು ಕಾರ್ಯಕ್ರಮಗಳ ಧ್ವನಿಮುದ್ರಿಕೆ ಉಳಿದಿದೆ, 2011ರಿಂದ ಕೇಳಲು ಸಿಗುತ್ತದೆ. ಅವುಗಳಲ್ಲಿ ಹಾಡುಗಳಿಗಿಂತ ಹಾಡುಗಳ ನಡುವಿನ ಮಾತಿಗೆ ಕಿವಿಗೊಡಿ. ಯಾರೋ ಒಬ್ಬ ಪಕ್ಕದವರನ್ನು ಗುದ್ದುತ್ತಿರುತ್ತಾನೆ. ಸಂಗೀತ ನಿಲ್ಲುತ್ತದೆ. ವೇದಿಕೆಯಿಂದ ಅವನೊಡನೆ ನೇರವಾಗಿ ಮಾತಾಡುತ್ತಾರೆ. ಕೇಳದಿದ್ದರೆ ಹೊರಗೆ ಕಳಿಸುತ್ತಾರೆ, ಕೈಗೊಂದು ಲಕೋಟೆ ಕೊಟ್ಟು. ಒಳಗೆ ಅವನ 5 ಡಾಲರ್.